ತೋಟದ ಶೆಡ್ಡಿಗೆ ಲ್ಯಾನ್ ವೈರ್ ಎಳೆಯುವವರು ಓದಿ

ತುಲಾ ಮಳೆಯ (ಅಕ್ಟೋಬರ್-ನವೆಂಬರಿನ ಹಿಂಗಾರು) ಸಿಡಿಲು ಶುರುವಾಗುವ ಮೊದಲೇ ಇದನ್ನು ಹೇಳಿಬಿಡಬೇಕು.

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮನೆ. ಚಾವಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರ್, ಅಂಗಳದಾಚೆ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ವಿಂಡೋಸ್ 7 ಇರುವ ಇನ್ನೊಂದು. ಲೆಕ್ಕದ ಫೈಲು, ಯಕ್ಷಗಾನ ಆಟದ ರೆಕಾರ್ಡಿಂಗು ಎರಡು ಕಡೆಯೂ ಸಿಗಲಿ ಎಂದು ಸುಮಾರು 40 ಮೀಟರ್ ಕ್ಯಾಟ್5 ವೈರನ್ನು (ಕಂಪ್ಯೂಟರುಗಳನ್ನು ಜೋಡಿಸುವ ತಾಮ್ರದ ಲ್ಯಾನ್ ವೈರ್) ತೆಂಗಿನ ಮರಕ್ಕೆ ಕಟ್ಟಿ ಎಳೆದಿದ್ದರು. ಲ್ಯಾನ್ ವೈರಿಗೆ 100 ಮೀಟರ್ ತನಕ ಲೆಕ್ಕ ಇದೆ, ಹಾಗಾಗಿ ಫೈಲುಗಳೇನೋ ಸಲೀಸಾಗಿ ಓಡಾಡಿದವು. ಒಂದು ಸಂಜೆ ಆಚೆ ಗುಡ್ಡೆಯಲ್ಲೆಲ್ಲೋ ಸಿಡಿಲು ಬಿತ್ತು. ಎರಡರ ಲ್ಯಾನ್ ಪೋರ್ಟೂ ಹೋಯಿತು, ಚಾವಡಿಯದ್ದರ ಮದರ್‌ಬೋರ್ಡೂ ಜೊತೆಗೆ. ಎರಡೂ ಆಫ್ ಆಗಿದ್ದವು!

ಆಫ್ ಎಂದರೆ ಗೋಡೆಯ ಸ್ವಿಚ್ ಆಫ್. ಆ ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ. ಪ್ಲಗ್ ತೆಗೆಯದಿದ್ದರೆ ಅರ್ತ್, ನ್ಯೂಟ್ರಲ್ ಎರಡೂ ತಗಲಿಕೊಂಡೇ ಇರುತ್ತವೆ. ಮನೆಗೊಂದು ಅರ್ತ್, ಶೆಡ್ಡಿಗೊಂದು ಅರ್ತ್. ಹತ್ತಿರ ಸಿಡಿಲು ಬಿದ್ದಾಗ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು, ನಮ್ಮ ಮುರಕಲ್ಲಿನ ನೆಲದಲ್ಲಿ ಒಳ್ಳೆಯ ಅರ್ತಿಂಗ್ ಸಿಗುವುದೂ ಕಷ್ಟ. ಆ ಎರಡನ್ನೂ ಜೋಡಿಸುವ ತಾಮ್ರ ಎಂದರೆ ನಿಮ್ಮ ಲ್ಯಾನ್ ವೈರೇ. ಪೋರ್ಟಿನೊಳಗಿನ ಟ್ರಾನ್ಸ್‌ಫಾರ್ಮರ್ ತಡೆಯಬೇಕಾದದ್ದು 1500 ವೋಲ್ಟ್, ಅದರ ಮೇಲೆ ಬಂದರೆ ಭರವಸೆಯಿಲ್ಲ. ಯುಪಿಎಸ್, ಸ್ಪೈಕ್ ಬಸ್ಟರ್ ಇದ್ದರೂ ಅವು ನೋಡುವುದು ಕರೆಂಟಿನ ದಾರಿಯನ್ನು. ಇದು ಬಂದದ್ದು ಹಿಂಬಾಗಿಲಿನಿಂದ.

ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯಲೇಬೇಡಿ. ಬೇಕೇ ಬೇಕೆಂದರೆ ಫೈಬರ್ (ಬೆಳಕು ಸಾಗಿಸುವ ಗಾಜಿನ ಎಳೆ) ಎಳೆದು ಎರಡು ತುದಿಗೂ ಆ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಇಡಿ. ಫೈಬರಿನ ಜೊತೆ ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಬಿಡಿ, ಒಳಗೆ ತಂದರೆ ಕಥೆ ಮತ್ತೆ ಅದೇ. ಈಗಾಗಲೇ ಎಳೆದಿದ್ದವರು ಮೋಡ ಕಟ್ಟಿದಾಗ ಲ್ಯಾನ್ ಪಿನ್ನನ್ನೂ ಪ್ಲಗ್ಗನ್ನೂ ಎರಡು ತುದಿಯಲ್ಲೂ ಎಳೆದಿಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಕೈ ಹಾಕಬೇಡಿ.

ನಿಜ ಹೇಳಬೇಕೆಂದರೆ ಇಂಥ ಹಳೇ ಜೋಡಿಯನ್ನು ಒಂದೇ ಕೋಣೆಯಲ್ಲಿಟ್ಟು 3 ಮೀಟರ್ ವೈರಿನಲ್ಲಿ ಮುಗಿಸುವುದೇ ಲೇಸು. ಹಳೇ 10/100 (ಸೆಕೆಂಡಿಗೆ 10 ಅಥವಾ 100 ಮೆಗಾಬಿಟ್ ವೇಗದ) ಲ್ಯಾನ್ ಕಾರ್ಡುಗಳಿಗೆ ನೇರ ವೈರ್ ಹಾಕಿದರೆ ಪೋರ್ಟಿನ ಲೈಟೇ ಹತ್ತದಿರಬಹುದು. ಕ್ರಾಸ್‌ಓವರ್ ವೈರ್ ಬೇಕು, ಅಂದರೆ ಒಂದು ತುದಿಯ 1, 2ನೇ ಪಿನ್ನುಗಳು ಇನ್ನೊಂದು ತುದಿಯಲ್ಲಿ 3, 6ಕ್ಕೆ ಹೋಗಬೇಕು. ಐಪಿ ವಿಳಾಸ ಒಂದು ಕಂಪ್ಯೂಟರಿಗೆ 192.168.5.1, ಇನ್ನೊಂದಕ್ಕೆ 192.168.5.2, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿಯ ವಿಳಾಸ) ಖಾಲಿ. ಗೇಟ್‌ವೇ ಇಲ್ಲದ ಕಾರಣ ವಿಂಡೋಸ್ 7 ಇದನ್ನು ಪಬ್ಲಿಕ್ ನೆಟ್‌ವರ್ಕ್ ಎಂದು ತಿಳಿದು ಶೇರಿಂಗ್ ಮುಚ್ಚಿಬಿಡುತ್ತದೆ. ಆ ಪ್ರೊಫೈಲಿನಲ್ಲೇ ಫೈಲ್ ಶೇರಿಂಗ್ ಆನ್ ಮಾಡಿ. ಈ ಜೋಡಿಗೆ ಇಂಟರ್ನೆಟ್ ಮಾತ್ರ ಕೊಡಬೇಡಿ. ಎಕ್ಸ್‌ಪಿಗೆ 2014ರಲ್ಲಿ, 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ 2017ರ ವಾನಾಕ್ರೈ ವೈರಸ್ ಹರಡಿದ್ದೂ ಇದೇ ಹಳೇ ಶೇರಿಂಗ್ ದಾರಿಯಲ್ಲಿ.

ಇನ್ನೊಂದು. ಇಡೀ ಡ್ರೈವ್ ಶೇರ್ ಮಾಡಬೇಡಿ, ಒಂದು ಫೋಲ್ಡರ್ ಸಾಕು. ಆಚೆ ಕಂಪ್ಯೂಟರಿನ ಫೈಲನ್ನು ಈಚೆಯಿಂದ ಡಿಲೀಟ್ ಮಾಡಿದರೆ ಅದು ಎರಡರ ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಕಟ್-ಪೇಸ್ಟ್ ಬಿಟ್ಟು ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಮೂಲವನ್ನು ಅಳಿಸಿ.