ಪದಕ ಗೆದ್ದ ಹುಡುಗನೋ, ತಡವಾಗಿ ಬಂದವನೋ?

ಸೈಕಲ್ ರೇಸ್ ತಂಡಕ್ಕೆ ಹುಡುಗರನ್ನು ಆರಿಸಬೇಕು: ಒಂದೇ ಜಾಗ, ಇಬ್ಬರು ಹುಡುಗರು. ಒಬ್ಬ ಬೆಲ್ಜಿಯಂನ ಸೈಕಲ್ ಪಟು ರೆಮ್ಕೊ ಎವೆನೆಪೂಲ್ ಥರದವನು. ಎವೆನೆಪೂಲ್ ಫುಟ್‌ಬಾಲ್ ಬಿಟ್ಟು 2017ರಲ್ಲಿ ಸೈಕಲ್ ಹತ್ತಿದರು, 2018ರಲ್ಲೇ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರೋಡ್ ರೇಸ್, ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ರೇಸ್) ಎರಡನ್ನೂ ಗೆದ್ದರು. ಇನ್ನೊಬ್ಬ ಸ್ಲೊವೇನಿಯಾದ ಪ್ರಿಮೊಜ್ ರೋಗ್ಲಿಚ್ ಥರ: ಇಪ್ಪತ್ತು ದಾಟುವವರೆಗೂ ಸ್ಕೀ ಜಂಪಿಂಗ್, ಆಮೇಲೆ ಸೈಕಲ್, ನಾಲ್ಕು ಸಲ ವುವೆಲ್ಟಾ (ಸ್ಪೇನ್‌ನ ಮೂರು ವಾರದ ಸೈಕಲ್ ರೇಸ್) ಕಿರೀಟ.

ಪದಕ ಎಣಿಸಿದರೆ ಮೊದಲನೆಯವನೇ ಸರಿ. ಆದರೆ ಹದಿನಾರರಲ್ಲೇ ಮೈ ಬಲಿತ ಹುಡುಗ ಬರೀ ಮೈಕಟ್ಟಿನಿಂದ ಗೆಲ್ಲುವುದುಂಟು; ಉಳಿದವರು ಬೆಳೆದಾಗ ಆ ಅಂತರ ಕರಗುತ್ತದೆ. ಹಾಗಾಗಿ ಕೇಳಬೇಕಾದ್ದು: ಎಷ್ಟು ವರ್ಷ ತರಬೇತಿಯಾಗಿದೆ? ಮೈಯ ಪ್ರತಿ ಕಿಲೋ ತೂಕಕ್ಕೆ ಎಷ್ಟು ವ್ಯಾಟ್, ಅಂದರೆ ತುಳಿಯುವ ಶಕ್ತಿ? ಮೂರು ತಾಸು ತುಳಿದ ಮೇಲೂ ಕಡೆಯ ಏರಿನಲ್ಲಿ ಅಷ್ಟೇ ಬಲ ಬರುತ್ತದೆಯೇ?

ವ್ಯಾಟ್, ಕಡೆಯ ಏರಿನ ಬಲ ಎರಡೂ ಸಮವಾದರೆ ಕಡಿಮೆ ತರಬೇತಿ ಪಡೆದವನನ್ನೇ ನಾನು ಆರಿಸುತ್ತೇನೆ. ಗುಂಪಿನಲ್ಲಿ ಸವಾರಿ, ಇಳಿಜಾರಿನ ತಿರುವು ಇವನ್ನು ಆಮೇಲೂ ಕಲಿಸಬಹುದು.