ನೀರಿನ ಸೇವೆಗೆ ಅಂತ ವಿದೇಶಕ್ಕೆ ಹೋಗಿದ್ದೆ, 5ಕ್ಕೆ 3 ಸ್ಟಾರ್

ಒಂದು ಧಾರ್ಮಿಕ ಸಂಸ್ಥೆ ಕಡೆಯಿಂದ ಎರಡು ವಾರ ವಾಲಂಟಿಯರ್ ಆಗಿ ಹೋಗಿದ್ದೆ, ಹೆಸರು ಬೇಡ ಬಿಡಿ. ಹಳೇ ಹ್ಯಾಂಡ್‌ಪಂಪ್ ರಿಪೇರಿ, ಮನೆಗಳಿಗೆ ಬಯೋಸ್ಯಾಂಡ್ ಫಿಲ್ಟರ್ (ಮರಳಿನ ಪದರದಲ್ಲಿ ನೀರು ಸೋಸೋದು) ಹಾಕೋದು, ಇಷ್ಟೇ ಕೆಲಸ. ಬೋರ್ ಕೊರೆಯೋದೇ ದೊಡ್ಡದು ಅಂದ್ಕೊಂಡಿದ್ದೆ, ಆದ್ರೆ ಕೆಟ್ಟು ನಿಂತಿದ್ದ ಪಂಪ್ ಬಿಚ್ಚಿ ನೋಡಿದ್ರೆ ಸವೆದಿದ್ದು ಅಂಗೈಯಲ್ಲಿ ಹಿಡಿಸೋ ಒಂದು ರಬ್ಬರ್ ವಾಷರ್, ಅದೊಂದು ಸಿಗದೆ ಹೆಂಗಸರು ತಿಂಗಳುಗಟ್ಟಲೆ 20 ಲೀಟರ್ ಕ್ಯಾನ್ ಹೊತ್ಕೊಂಡು ಹಳ್ಳದ ನೀರು ತರ್ತಿದ್ರು. ನಾನೂ ಒಂದ್ಸಲ ಹೊತ್ತೆ, ಹಿಡ್ಕೊಂಡ ಕುತ್ತಿಗೆ ಮೂರು ದಿನ ಬಿಡ್ಲಿಲ್ಲ!

ಬೆಳಿಗ್ಗೆ ಪ್ರಾರ್ಥನೆ ನಮಗೆ ಕಡ್ಡಾಯ, ಆದ್ರೆ ಊರಿನವರಿಗೆ ನೀರು ಕೊಡೋಕೆ ಯಾವ ಕಂಡೀಷನ್ನೂ ಇರ್ಲಿಲ್ಲ, ಅದು ಇಷ್ಟ ಆಯ್ತು. ಊಟ, ಮಲಗೋ ವ್ಯವಸ್ಥೆ ಪರ್ವಾಗಿಲ್ಲ.

ಬೇಜಾರಾಗಿದ್ದು ಎಲ್ಲಿ ಅಂದ್ರೆ ಫಿಲ್ಟರ್ ವಿಷಯದಲ್ಲಿ. ಮರಳಿನ ಮೇಲೆ ಸುಮಾರು 5 ಸೆಂಟಿಮೀಟರ್ ನೀರು ಯಾವಾಗ್ಲೂ ನಿಂತಿರ್ಬೇಕು, ಮೇಲ್ಪದರದಲ್ಲಿ ಕ್ರಿಮಿ ತಿನ್ನೋ ಜೀವಾಣು ಬೆಳೆಯೋಕೇ ಕೆಲವು ವಾರ ಬೇಕು, ಅಷ್ಟೊತ್ತಿಗೆ ನಾವು ಫೋಟೋ ಹೊಡ್ಕೊಂಡು ಫ್ಲೈಟ್ ಹತ್ತಿ ಆಗಿತ್ತು. ಅಲ್ಲೀವರೆಗೂ ಕ್ಲೋರಿನ್ ಹಾಕ್ಕೊಳ್ಳಿ ಅಂತ ಹೇಳಿಕೊಟ್ಟಿದ್ದೂ ನಾವಲ್ಲ, ಅಲ್ಲಿನ ಲೋಕಲ್ ಮೆಕ್ಯಾನಿಕ್ ಅಕ್ಕ. ನಿಜ ಹೇಳ್ಬೇಕಂದ್ರೆ ಅರ್ಧ ಕೆಲಸ ಅವರದ್ದೇ, ನಾವು ಸ್ಪ್ಯಾನರ್ ಕೈಗೆ ಕೊಡ್ತಿದ್ವಿ ಅಷ್ಟೆ.

ಹೋಗೋರು ದುಡ್ಡು ಕಟ್ಟೋ ಮುಂಚೆ ಸ್ಪೇರ್ ಪಾರ್ಟ್ಸ್ ಯಾರ ಹತ್ರ ಇರುತ್ತೆ, ಆರು ತಿಂಗಳಾದ್ಮೇಲೆ ನೀರು ಟೆಸ್ಟ್ ಮಾಡೋರು ಯಾರು ಅಂತ ಕೇಳಿ.