ಒಳಗೆ ಹೋಯಿತು ಅಂತ ಅಲೆನ್ ಕೀ ತಿರುಗಿಸಬೇಡಿ

ಅಲೆನ್ ಕೀ, ಅಂದರೆ ಆರು ಮೂಲೆಯ ಗುಳಿ ಇರುವ ಸ್ಕ್ರೂ ತಿರುಗಿಸುವ L ಆಕಾರದ ಉಕ್ಕಿನ ಕಡ್ಡಿ, ಸ್ಕ್ರೂವಿನ ಒಳಗೆ ಹೋದ ಮಾತ್ರಕ್ಕೆ ಅದು ಸರಿಯಾದ ಸೈಜ್ ಅಂತ ನಂಬಬೇಡಿ. ನಂಬಿ ತಿರುಗಿಸಿದ್ದರಿಂದ ನಮ್ಮ ಅಡುಗೆಮನೆಯ ನಲ್ಲಿ ಪೂರ್ತಿ ಹಾಳಾಯಿತು. ಕೆಲಸ ಮಾಡಿದವರು ಅನುಭವ ಇದ್ದವರೇ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಒಂದೇ ಹಿಡಿಯಲ್ಲಿ ಬಿಸಿನೀರು, ತಣ್ಣೀರು ಎರಡೂ ಬರುವ ನಲ್ಲಿ ಅದು. ಬಂದ್ ಮಾಡಿದರೂ ತೊಟ್ಟಿಕ್ಕುತ್ತಿತ್ತು. ಒಳಗೆ ನೀರು ಬಿಡುವ, ತಡೆಯುವ ಭಾಗವಾದ ಕಾರ್ಟ್ರಿಡ್ಜ್ ಬದಲಾಯಿಸಿದರೆ ಮುಗಿಯಿತು, ಸಣ್ಣ ಕೆಲಸ. ಆದರೆ ಕಾರ್ಟ್ರಿಡ್ಜ್ ಕೈಗೆ ಸಿಗಬೇಕಾದರೆ ಮೊದಲು ಹಿಡಿ ಬಿಚ್ಚಬೇಕು. ಹಿಡಿ ನಿಂತಿರುವುದು ಒಂದು ಪುಟ್ಟ ಗ್ರಬ್ ಸ್ಕ್ರೂ ಮೇಲೆ. ಇದಕ್ಕೆ ಹೊರಗೆ ಚಾಚಿದ ತಲೆ ಇರುವುದಿಲ್ಲ. ಇಡೀ ಸ್ಕ್ರೂ ತೂತಿನೊಳಗೆ ಕೂತಿರುತ್ತದೆ, ಆರು ಮೂಲೆಯ ಗುಳಿ ಮಾತ್ರ ಕಾಣುತ್ತದೆ. ಇಕ್ಕಳದಲ್ಲಿ ಹಿಡಿಯೋಣ ಅಂದರೆ ಹಿಡಿಯೋಕೆ ಏನೂ ಇಲ್ಲ. ಆ ಗುಳಿ ಕೆಟ್ಟರೆ ದಾರಿಯೇ ಮುಚ್ಚಿದ ಹಾಗೆ.

ವರ್ಷಗಟ್ಟಲೆ ನೀರು ಬಿದ್ದು ನಮ್ಮ ಸ್ಕ್ರೂ ಚೆನ್ನಾಗಿ ಕಚ್ಚಿಕೊಂಡಿತ್ತು. ರಿಪೇರಿಗೆ ಬಂದವರ ಚೀಲದಲ್ಲಿ ಇಂಚಿನ ಕೀಗಳೂ ಮಿಲಿಮೀಟರ್ ಕೀಗಳೂ ಬೆರೆತು ಬಿದ್ದಿದ್ದವು. ಒಂದು ಹಾಕಿ ನೋಡಿದರು, ಹೋಗಲಿಲ್ಲ. ಇನ್ನೊಂದು ಹೋಯಿತು. "ಇದೇ ಬಿಡಿ" ಅಂದರು. ಕೀ ಅಲುಗಾಡುತ್ತಿದೆಯಲ್ಲ ಅಂತ ಕೇಳಿದೆ. "ಅಷ್ಟು ಆಟ ಇದ್ದೇ ಇರುತ್ತೆ" ಅಂತ ಹೇಳಿ ಬಲವಾಗಿ ತಿರುಗಿಸಿದರು. ಟಕ್ ಅಂತ ಸದ್ದಾಯಿತು. ಸ್ಕ್ರೂ ಕದಲಲಿಲ್ಲ, ಕೀ ಮಾತ್ರ ಸುತ್ತಿತು. ಮತ್ತೆ ಒತ್ತಿ ತಿರುಗಿಸಿದರು. ಮತ್ತೆ ಟಕ್. ಟಾರ್ಚ್ ಹಿಡಿದು ನೋಡುವ ಹೊತ್ತಿಗೆ ಒಳಗಿನ ಮೂಲೆಗಳೆಲ್ಲ ಸವೆದು ಗುಳಿ ದುಂಡಗಾಗಿತ್ತು.

ನಲ್ಲಿಯ ಕೈಪಿಡಿ ತೆಗೆದು ನೋಡಿದರೆ 2.5 ಮಿ.ಮೀ. ಕೀ ಬೇಕು ಅಂತ ಇತ್ತು. ಅವರು ಹಾಕಿದ್ದು 3/32 ಇಂಚಿನದು, ಅಂದರೆ 2.38 ಮಿ.ಮೀ. ವ್ಯತ್ಯಾಸ 0.12 ಮಿ.ಮೀ. ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಸಣ್ಣ ಸ್ಕ್ರೂಗೆ ಇದೇ ದೊಡ್ಡದು. 10 ಮಿ.ಮೀ. ಬೋಲ್ಟ್‌ನಲ್ಲಿ ಇಷ್ಟು ಸಡಿಲ ಇದ್ದರೆ ಶೇಕಡಾ ಒಂದರ ಆಸುಪಾಸು. 2.5ರಲ್ಲಿ ಅದೇ ಹೆಚ್ಚುಕಡಿಮೆ ಶೇಕಡಾ 5. ಸರಿಯಾದ ಕೀ ಗುಳಿಯ ಗೋಡೆಗಳಿಗೆ ಅಂಟಿದ ಹಾಗೆ ಕೂರುತ್ತದೆ, ಬಲ ಆರೂ ಕಡೆ ಹಂಚಿಹೋಗುತ್ತದೆ. ಸಡಿಲ ಕೀ ಮೊದಲು ಸ್ವಲ್ಪ ತಿರುಗಿ, ಆಮೇಲೆ ತನ್ನ ಅಂಚಿನಿಂದ ಮಾತ್ರ ಗೋಡೆಯನ್ನು ಒತ್ತುತ್ತದೆ. ಆ ಒಂದು ಗೆರೆಯಷ್ಟು ಜಾಗದ ಮೇಲೆ ಎಲ್ಲ ಬಲ ಬಿದ್ದಾಗ ಲೋಹ ಹೆರೆದುಹೋಗುತ್ತದೆ.

ಇದರಲ್ಲಿ ಮೋಸ ಹೋಗೋಕೆ ಒಂದು ಕಾರಣ ಇದೆ. ಕೆಲವು ಇಂಚಿನ ಕೀಗಳು ಮಿಲಿಮೀಟರ್ ಸ್ಕ್ರೂಗೆ ನಿಜವಾಗಲೂ ಹೊಂದುತ್ತವೆ. 5/64 ಇಂಚು ಅಂದರೆ 1.98 ಮಿ.ಮೀ., 2ರ ಜಾಗದಲ್ಲಿ ನಡೆಯುತ್ತದೆ. 5/32 ಇಂಚು 3.97, ಅದು 4ಕ್ಕೆ ಸಾಕು. ಇವು ಕೆಲಸ ಮಾಡಿದ್ದನ್ನು ನೋಡಿದವರು ಉಳಿದವೂ ಹೀಗೇ ಅಂದುಕೊಳ್ಳುತ್ತಾರೆ. ಆದರೆ 1/16 ಇಂಚಿನ ಗುಳಿಗೆ, ಅಂದರೆ 1.59ಕ್ಕೆ, 1.5ರ ಕೀ ಸಲೀಸಾಗಿ ಹೋಗಿ ಮೂಲೆ ತಿನ್ನುತ್ತದೆ. 1/8 ಇಂಚಿನದಕ್ಕೆ 3 ಮಿ.ಮೀ. ಹಾಕಿದರೂ ಅದೇ ಗತಿ.

ಹಾಗಾಗಿ ಸಣ್ಣದರಿಂದ ಶುರು ಮಾಡಿ ಮೇಲೆ ಹೋಗಬೇಡಿ. ಒಳಗೆ ಹೋಗದ ದೊಡ್ಡ ಕೀಯಿಂದ ಶುರು ಮಾಡಿ, ಇಂಚು ಮತ್ತು ಮಿಲಿಮೀಟರ್ ಎರಡನ್ನೂ ಸೇರಿಸಿ, ಒಂದೊಂದೇ ಸೈಜ್ ಇಳಿಯುತ್ತಾ ಬನ್ನಿ. ಮೊದಲು ತಳದವರೆಗೆ ಹೋಗಿ ಕೂರುವುದೇ ನಿಮ್ಮ ಕೀ. ಬೆರಳಲ್ಲಿ ಆಡಿಸಿದರೆ ಅದು ಹೆಚ್ಚೇನೂ ಅಲುಗಾಡಬಾರದು. ಇದಕ್ಕೂ ಮೊದಲು ಗುಳಿ ಕ್ಲೀನ್ ಮಾಡಲೇಬೇಕು. ನಲ್ಲಿಯಲ್ಲಾದರೆ ಉಪ್ಪುನೀರಿನ ಬಿಳಿ ಪದರ ತುಂಬಿರುತ್ತದೆ, ಪೀಠೋಪಕರಣದಲ್ಲಾದರೆ ಬಣ್ಣ. ಸೂಜಿಯಲ್ಲಿ ಕೆರೆದು ತೆಗೆಯಿರಿ. ಬಿಳಿ ಪದರಕ್ಕೆ ಸ್ವಲ್ಪ ವಿನೆಗರ್ ಬಿಟ್ಟರೂ ಮೆತ್ತಗಾಗುತ್ತದೆ, ಆಮೇಲೆ ನೀರಲ್ಲಿ ತೊಳೆದುಬಿಡಿ. ಕೊಳೆ ಇದ್ದರೆ ಸರಿಯಾದ ಕೀ ಕೂಡ ಅರ್ಧಕ್ಕೇ ನಿಲ್ಲುತ್ತದೆ, ಆಗ ನಾವು ಸುಮ್ನೆ ಸಣ್ಣ ಸೈಜಿಗೆ ಇಳಿದುಬಿಡುತ್ತೇವೆ.

ಕೀಯ ತುದಿಯನ್ನೂ ನೋಡಿ. ಅಂಚು ಹೊಳೆಯುತ್ತಾ ದುಂಡಗಾಗಿದ್ದರೆ ಮೇಲೆ 2.5 ಅಂತ ಬರೆದಿದ್ದರೂ ಅದು 2.5 ಅಲ್ಲ. ಸವೆದ ತುದಿಯನ್ನು ಗ್ರೈಂಡರ್‌ನಲ್ಲಿ ನೇರವಾಗಿ ಉಜ್ಜಿ ತೆಗೆದರೆ ಒಳಗಿನ ಚೂಪು ಮೂಲೆ ಮತ್ತೆ ಸಿಗುತ್ತದೆ. ಆಗಾಗ ನೀರಿಗೆ ಅದ್ದುತ್ತಾ ಉಜ್ಜಬೇಕು, ಬಿಸಿ ಜಾಸ್ತಿಯಾದರೆ ಉಕ್ಕು ಮೆತ್ತಗಾಗುತ್ತದೆ. ಇನ್ನು ಗುಂಡು ತುದಿಯ ಕೀ. ಓರೆಯಾಗಿ ಹಾಕಬಹುದು ಅಂತ ಅದು ಎಲ್ಲರಿಗೂ ಇಷ್ಟ. ಸಡಿಲವಾದ ಸ್ಕ್ರೂ ಬೇಗ ಬಿಚ್ಚೋಕೆ ಅದು ಒಳ್ಳೆಯದೇ. ಕಚ್ಚಿಕೊಂಡ ಸ್ಕ್ರೂ ಮೊದಲ ಸಲ ಕದಲಿಸೋಕೆ ಮಾತ್ರ ಅದನ್ನು ಮುಟ್ಟಲೇಬೇಡಿ.

ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಬಿಟ್ಟು ಸಮಯ ಕೊಡಿ. ನಲ್ಲಿಯೊಳಗೆ ಪ್ಲಾಸ್ಟಿಕ್, ರಬ್ಬರ್ ಇರುವುದರಿಂದ ಸ್ಕ್ರೂ ಸಡಿಲಿಸೋಕೆ ಅಂತ ಬೆಂಕಿಯಿಂದ ಕಾಯಿಸಬಾರದು. ಕೀಯ ಗಿಡ್ಡ ಕಾಲು ಗುಳಿಯೊಳಗೆ ಇರಲಿ, ಉದ್ದದ್ದು ಕೈಯಲ್ಲಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆ ಒತ್ತಿ, ಆಮೇಲೆ ಬಿಚ್ಚುವ ಕಡೆ. ಕೀಯೇ ತಿರುಚಿಕೊಳ್ಳುತ್ತಿದೆ ಅನ್ನಿಸಿದರೆ ನಿಲ್ಲಿಸಿ ಇನ್ನಷ್ಟು ಎಣ್ಣೆ ಬಿಡಿ.

ಎಲ್ಲಕ್ಕಿಂತ ಮುಖ್ಯ, ಮೊದಲ ಸಲ ಜಾರಿದ ಕೂಡಲೇ ನಿಲ್ಲಿಸಬೇಕು. ಆಗ ಗೋಡೆ ಇನ್ನೂ ಉಳಿದಿರುತ್ತದೆ. ಸರಿಯಾದ ಹೊಸ ಕೀ ಹಿಡಿಯಬಹುದು. ಅದೂ ಆಗದಿದ್ದರೆ ಗುಳಿಗಿಂತ ಚೂರು ದಪ್ಪದ, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಅನ್ನು ಮೆಲ್ಲಗೆ ಬಡಿದು ಕೂರಿಸಿ ತಿರುಗಿಸಬಹುದು. ನಮ್ಮಲ್ಲಿ ಮತ್ತೆ ಮತ್ತೆ ಜಾರಿಸಿದ ಮೇಲೆ ಟಾರ್ಕ್ಸ್ ಕೂಡ ಹಿಡಿಯಲಿಲ್ಲ. ಕೊನೆಗೆ ಡ್ರಿಲ್ ಹಾಕಿದರು. ಸ್ಕ್ರೂ ಗಟ್ಟಿ ಉಕ್ಕು, ಹಿಡಿ ಮೆತ್ತನೆಯ ಎರಕ. ಡ್ರಿಲ್ ಸ್ಕ್ರೂ ಬಿಟ್ಟು ಪಕ್ಕಕ್ಕೆ ಜಾರಿ ಹಿಡಿಯನ್ನೇ ಕೊರೆಯಿತು. ಆ ಮಾದರಿಯ ಹಿಡಿ ಬಿಡಿಯಾಗಿ ಸಿಗಲಿಲ್ಲ. ಚಿಕ್ಕ ಕಾರ್ಟ್ರಿಡ್ಜ್ ಬದಲಾಯಿಸಬೇಕಿದ್ದ ಕಡೆ ಹೊಸ ನಲ್ಲಿಯೇ ಬಂತು.

ಹಾಗಂತ ರಿಪೇರಿಯವರನ್ನು ಕರೆಯಲೇಬೇಡಿ ಅಂತ ನಾನು ಹೇಳುವುದಿಲ್ಲ. ಕೀ ಹಾಕಿದಾಗ ಅದು ಅಲುಗಾಡುತ್ತಿದ್ದರೆ, "ಸ್ವಲ್ಪ ನಿಲ್ಲಿ, ಇದಕ್ಕಿಂತ ಒಂದು ಸೈಜ್ ದೊಡ್ಡದು ಹೋಗುತ್ತಾ ನೋಡಿ" ಅಂತ ಕೇಳಿ. ಬೇಜಾರಾಗುತ್ತಾರೆ ಅಂತ ಸುಮ್ಮನಿರಬೇಡಿ. ಹೊಸ ನಲ್ಲಿ ಹಾಕಿಸುವಾಗ ಗ್ರಬ್ ಸ್ಕ್ರೂ ಒಮ್ಮೆ ಬಿಚ್ಚಿಸಿ, ನೀರಿಗೆ ಹಾಳಾಗದ ಗ್ರೀಸ್ ತೆಳ್ಳಗೆ ಸವರಿಸಿ ಹಾಕಿಸಿದೆ. ಜೊತೆಗೆ ಬಂದ ಕೀಯನ್ನು ಕೈಪಿಡಿಯ ಒಳಗೇ ಟೇಪ್ ಹಾಕಿ ಅಂಟಿಸಿಟ್ಟಿದ್ದೇನೆ. ಮುಂದೆ ಯಾರೇ ಬಂದರೂ ಅದನ್ನೇ ಕೊಡುತ್ತೇನೆ.